ಮಾರ್ಚ್ ತಿಂಗಳ ಇನ್ನೊಂದು ಲೆಕ್ಕ

ಮಾರ್ಚ್ ಬಂತೆಂದರೆ ಯಶವಂತಪುರದ ವರ್ತಕರ ಅಂಗಡಿಗಳಲ್ಲಿ ದೀಪ ಬೇಗ ಆರುವುದಿಲ್ಲ. ವರ್ಷವಿಡೀ ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಬಾಕಿ ಎಷ್ಟು ಎಂಬುದೆಲ್ಲ 31ರೊಳಗೆ ತಾಳೆಯಾಗಬೇಕು. ಅದೇ ತಿಂಗಳು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಮನೆಗಳಲ್ಲಿ ಬೇರೆ ಬಗೆಯ ಲೆಕ್ಕ ನಡೆದಿರುತ್ತದೆ. ಗಣಿತಕ್ಕೆ ಎಷ್ಟು ಬರಬಹುದು, ವಿಜ್ಞಾನಕ್ಕೆ ಎಷ್ಟು, ಪಕ್ಕದ ಮನೆಯ ಹುಡುಗಿಗೆ ಎಷ್ಟು! ಇವೆರಡರ ನಡುವೆ ಮೂರನೆಯದೊಂದು ಲೆಕ್ಕವಿದೆ. ಅದನ್ನು ಕೇಳುವವರು ಕಡಿಮೆ. ಮಗ ಅಥವಾ ಮಗಳು ಈ ವರ್ಷ ಪಠ್ಯಪುಸ್ತಕದ ಹೊರಗೆ ಏನೇನು ಓದಿದರು? ಓದಿದ್ದರಲ್ಲಿ ಯಾವುದು ಮನಸ್ಸಿನಲ್ಲಿ ಉಳಿಯಿತು? ಬರುವ ವರ್ಷ ಏನು ಓದಬೇಕೆಂದಿದ್ದಾರೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ತಾಯಂದಿರು "ಅಯ್ಯೋ, ಬೇಕಾದಷ್ಟು ಓದ್ತಾನೆ" ಎನ್ನುತ್ತಾರೆ. ತಂದೆಯರು "ಎಲ್ಲಿ ಓದ್ತಾನೆ, ಮೊಬೈಲು ಬಿಟ್ಟರಲ್ಲವೆ" ಎನ್ನುತ್ತಾರೆ. ಇಬ್ಬರಿಗೂ ಗೊತ್ತಿರುವುದು ಅಷ್ಟರಲ್ಲೇ ಇದೆ. ಓದುವ ಮಗುವಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಜೂನ್‌ನಲ್ಲಿ ಓದಿದ ಪುಸ್ತಕದ ಹೆಸರು ಮಾರ್ಚ್‌ನಲ್ಲಿ ಬಾಯಿಗೆ ಬಾರದು. ಹಸಿರು ರಕ್ಷಾಪುಟವಿತ್ತು, ಒಂದು ನಾಯಿಯ ಚಿತ್ರವಿತ್ತು, ಅಷ್ಟೆ.

ಇದಕ್ಕೆ ಬೇಕಾದದ್ದು ಒಂದು 40 ಪುಟದ ನೋಟ್‌ಪುಸ್ತಕ. ಯಲಹಂಕ ಉಪನಗರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹುಡುಗ ಒಂಬತ್ತನೆಯ ತರಗತಿ ಮುಗಿಸುತ್ತಿದ್ದಾನೆ. ಹೋದ ಏಪ್ರಿಲ್‌ನಲ್ಲಿ ಯಾವುದೋ ಹುಮ್ಮಸ್ಸಿನಲ್ಲಿ ನೋಟ್‌ಪುಸ್ತಕಕ್ಕೆ ಗೆರೆ ಹಾಕಿ ಪುಸ್ತಕದ ಹೆಸರು, ಭಾಷೆ, ಶುರು ಮಾಡಿದ ದಿನ, ಮುಗಿಸಿದ ದಿನ ಎಂದು ಬರೆದಿಟ್ಟಿದ್ದ. ಕೊನೆಯ ಕಾಲಮಿಗೆ ತಲೆಬರಹವಿಲ್ಲ. ಅಲ್ಲಿ ಮನಸ್ಸಿಗೆ ಬಂದದ್ದನ್ನು ಒಂದೆರಡು ಮಾತಿನಲ್ಲಿ ಗೀಚಿದ್ದಾನೆ. ಈಗ ಕೂಡಿಸಿ ನೋಡಿದರೆ ಕೈಗೆತ್ತಿಕೊಂಡದ್ದು 31 ಪುಸ್ತಕ, ಮುಗಿಸಿದ್ದು 22. ಕೆಟ್ಟ ಲೆಕ್ಕವಲ್ಲ. ಆದರೆ ತಿಂಗಳವಾರು ಹಂಚಿದಾಗ ಗುಟ್ಟು ಬಯಲಾಗುತ್ತದೆ. ಏಪ್ರಿಲ್, ಮೇ ಎರಡು ತಿಂಗಳಲ್ಲೇ 9. ದಸರಾ ರಜೆಯ ಅಕ್ಟೋಬರ್‌ನಲ್ಲಿ 5. ಮಿಕ್ಕ 9 ತಿಂಗಳಿಗೆಲ್ಲ ಸೇರಿ 8! ಆಗಸ್ಟ್‌ನಲ್ಲಿ ಸೊನ್ನೆ, ಜನವರಿಯಿಂದ ಮಾರ್ಚ್‌ವರೆಗೆ ಮತ್ತೆ ಸೊನ್ನೆ. ಅಂದರೆ ಹುಡುಗ ಓದುಗನೇ ಹೌದು, ಆದರೆ ರಜೆಯ ಓದುಗ. ಹಬ್ಬಕ್ಕೆ ಮಾತ್ರ ಒಬ್ಬಟ್ಟು ತಿನ್ನುವ ಹಾಗೆ.

ಭಾಷೆಯ ಕಾಲಮು ಇನ್ನೂ ಕುತೂಹಲದ್ದು. ಮುಗಿಸಿದ 22ರಲ್ಲಿ ಇಂಗ್ಲಿಷು 17, ಕನ್ನಡ 5. ಆ ಐದರಲ್ಲೂ ಮೂರು ದೊಡ್ಡಬಳ್ಳಾಪುರದ ಅಜ್ಜಿಯ ಮನೆಯಲ್ಲಿ ಬೇಸಗೆಯಲ್ಲಿ ಓದಿದವು. ಮನೆಮಾತು ಕನ್ನಡ, ಬೈಯುವುದು ಕನ್ನಡದಲ್ಲಿ, ಕ್ರಿಕೆಟ್ಟಿನ ಜಗಳ ಕನ್ನಡದಲ್ಲಿ. ಪುಸ್ತಕ ಮಾತ್ರ ಇಂಗ್ಲಿಷು.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳುವಂಥದ್ದೇನೂ ಇರುತ್ತಿರಲಿಲ್ಲ. ಮುಂದಿನ ವರ್ಷ ಅವನಿಗೆ ಹತ್ತನೆಯ ತರಗತಿ. ನೋಟ್‌ಪುಸ್ತಕ ತಂದೆಯ ಕಣ್ಣಿಗೆ ಬೀಳುತ್ತದೆ.

"ಏನೋ ಇದು, ಇಪ್ಪತ್ತೆರಡು ಕಥೆಪುಸ್ತಕ? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಜ್ಞಾಪಕ ಇದೆಯೇನೋ?"

"ಇದೆ ಅಪ್ಪಾ."

"ಹಾಗಾದ್ರೆ ಇವತ್ತಿಂದ ಇದೆಲ್ಲ ಬೀರುವಿನ ಮೇಲಕ್ಕೆ. ಪರೀಕ್ಷೆ ಮುಗಿದ ಮೇಲೆ ಕೆಳಗಿಳಿಸೋಣ."

"ರೀ, ಅವನೇನು ಸಿನಿಮಾ ನೋಡ್ತಿದಾನಾ? ಓದ್ತಾ ತಾನೇ ಇರೋದು?" ಎಂದು ಅಡುಗೆಮನೆಯಿಂದ ತಾಯಿಯ ದನಿ.

ಉತ್ತರ ಬೆಂಗಳೂರಿನ ಅದೆಷ್ಟೋ ಮನೆಗಳಲ್ಲಿ ಪ್ರತಿ ಬೇಸಗೆಯಲ್ಲಿ ನಡೆಯುವ ಮಾತುಕತೆಯಿದು. ಪುಸ್ತಕಗಳು ಬೀರುವಿನ ಮೇಲೇರುತ್ತವೆ. ಹತ್ತು ಮುಗಿದಾಗ ಇಳಿಯಬೇಕಾದವು ಪಿಯುಸಿ ಎಂಬ ಕಾರಣಕ್ಕೆ ಅಲ್ಲೇ ಉಳಿಯುತ್ತವೆ, ಆಮೇಲೆ ಸಿಇಟಿ, ಆಮೇಲೆ ನೀಟ್ ಅಥವಾ ಜೆಇಇ. ಮೂರು ವರ್ಷ ಕಳೆದ ಮೇಲೆ ಧೂಳು ಒರೆಸಿ ಕೆಳಗಿಳಿಸಿದರೆ ಓದಬೇಕಾದವನಿಗೆ ಅರ್ಧ ಗಂಟೆ ಒಂದೆಡೆ ಕೂರುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಆಗ ತಂದೆಯೇ ನೆಂಟರ ಮುಂದೆ, "ಚಿಕ್ಕವನಿದ್ದಾಗ ಎಷ್ಟು ಓದ್ತಿದ್ದ ಗೊತ್ತಾ" ಎಂದು ಹೇಳಿಕೊಳ್ಳುವುದು.

ತಂದೆಯ ಕಡೆಯೂ ನ್ಯಾಯವಿಲ್ಲದೆ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 625 ಅಂಕ. ಅದರಲ್ಲಿ ಪ್ರಥಮ ಭಾಷೆಗೆ 125. ಕಾದಂಬರಿ ಓದಿದರೆ ಅಂಕ ಹೆಚ್ಚುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬಾರದು. ಬೀಜಗಣಿತದ ಲೆಕ್ಕಕ್ಕೆ ಕಾದಂಬರಿ ನೆರವಾಗದು. ಆದರೆ ಪ್ರಬಂಧ, ಪತ್ರಲೇಖನ, ಸಮಾಜ ವಿಜ್ಞಾನದ ದೀರ್ಘ ಉತ್ತರ ಇವನ್ನೆಲ್ಲ ಬರೆಯುವಾಗ ವಾಕ್ಯ ಸಲೀಸಾಗಿ ಬರುವವರು ಯಾರು, ಗೈಡಿನ ಸಾಲು ಮರೆತೊಡನೆ ಪೆನ್ನು ಕಚ್ಚುತ್ತಾ ಕೂರುವವರು ಯಾರು ಎಂಬುದನ್ನು ಯಾವ ಮೇಷ್ಟರನ್ನು ಕೇಳಿದರೂ ಹೇಳುತ್ತಾರೆ. ಬೀರುವಿಗೆ ಹಾಕುವುದೂ ಬೇಡ, 31 ಪುಸ್ತಕವೂ ಬೇಡ. ನಡುವೆ ಒಂದು ದಾರಿ ಇದೆಯೇ ಎಂಬುದಷ್ಟೇ ಪ್ರಶ್ನೆ. ಆ ದಾರಿ ಆ ನೋಟ್‌ಪುಸ್ತಕದಲ್ಲೇ ಸಿಗಬಹುದು.

ಓದಿದ್ದರ ಲೆಕ್ಕವಿಡುವುದು ಶಾಲಾಮಕ್ಕಳ ಚಪಲ ಎಂದು ತಿಳಿಯಬೇಕಾಗಿಲ್ಲ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಇಂಥ ಪುಸ್ತಕಗಳನ್ನು ಇಟ್ಟುಕೊಂಡಿದ್ದ. ಒಂದೆಡೆ ಓದಬೇಕಾದವು, ಇನ್ನೊಂದೆಡೆ ಓದಿ ಮುಗಿದವು. 'ಜೀವಿಜಾತಿಗಳ ಉಗಮ' ಹೊರಬಂದದ್ದು 1859ರಲ್ಲಿ. ಅಂದರೆ ಆ ಗ್ರಂಥ ಸಿದ್ಧವಾಗುತ್ತಿದ್ದ ಕಾಲವೆಲ್ಲ ಈ ಪಟ್ಟಿಗಳು ಬೆಳೆಯುತ್ತಿದ್ದವು. ಅವುಗಳಲ್ಲಿ ಜೀವಶಾಸ್ತ್ರವಷ್ಟೇ ಇಲ್ಲ. ಪ್ರವಾಸಕಥನ, ಜೀವನಚರಿತ್ರೆ, ಕಾದಂಬರಿ, ದನ-ಪಾರಿವಾಳಗಳ ಸಾಕಣೆ ಎಲ್ಲ ಇವೆ. ಕೆಲವದರ ಮುಂದೆ ಸುಮ್ಮನೆ ಪುಟ ತಿರುವಿಹಾಕಿದ್ದು ಎಂಬರ್ಥದ ಟಿಪ್ಪಣಿಯೂ ಉಂಟು. ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದೆನೆಂದು ಆತ ತನಗೆ ತಾನೇ ಸುಳ್ಳು ಹೇಳಿಕೊಳ್ಳಲಿಲ್ಲ.

ಅರ್ಧಕ್ಕೆ ಬಿಟ್ಟ ಪುಸ್ತಕಗಳ ವಿಚಾರದಲ್ಲಿ ಈ ಪ್ರಾಮಾಣಿಕತೆ ಮುಖ್ಯ. ನಮ್ಮಲ್ಲಿ ಎಲೆಯಲ್ಲಿ ಅನ್ನ ಬಿಡಬಾರದು ಎನ್ನುವಂತೆಯೇ ಪುಸ್ತಕವನ್ನೂ ಅರ್ಧಕ್ಕೆ ಬಿಡಬಾರದು ಎಂದು ಮಕ್ಕಳನ್ನು ಬೈಯುವುದುಂಟು. ಫ್ರೆಂಚ್ ಲೇಖಕ, ಶಾಲಾ ಉಪಾಧ್ಯಾಯನೂ ಆಗಿದ್ದ ಡೇನಿಯಲ್ ಪೆನ್ನಾಕ್ 1992ರಲ್ಲಿ ಓದುಗನಿಗೆ ಹತ್ತು ಹಕ್ಕುಗಳಿವೆ ಎಂದು ಪಟ್ಟಿ ಮಾಡಿದ. ಪುಟ ಹಾರಿಸುವ ಹಕ್ಕು, ಮುಗಿಸದಿರುವ ಹಕ್ಕು, ಓದಿದ್ದನ್ನೇ ಮತ್ತೆ ಓದುವ ಹಕ್ಕು ಇವೆಲ್ಲ ಅದರಲ್ಲಿ ಸೇರಿವೆ. ಮಕ್ಕಳಿಗೆ ಇದು ತಿಳಿದರೆ ಕುಣಿದಾಡಿಯಾರು. ಆದರೆ ಬಿಟ್ಟದ್ದಕ್ಕೆ ಕಾರಣ ಬರೆದಿಡುವುದು ಒಳ್ಳೆಯದು. ನಮ್ಮ ಹುಡುಗ ಬಿಟ್ಟ 9ರಲ್ಲಿ 4 ಬಹುಮಾನವಾಗಿಯೋ ಹುಟ್ಟುಹಬ್ಬದ ಉಡುಗೊರೆಯಾಗಿಯೋ ಬಂದವು, ಬೇರೆಯವರು ಆರಿಸಿದವು. ಎರಡು ಅವನ ವಯಸ್ಸಿಗೆ ಭಾರವಾದವು. ಇನ್ನೆರಡನ್ನು ವಾಪಸು ಕೊಡುವ ದಿನ ಬಂದುಬಿಟ್ಟಿತು. ಒಂದರ ಮುಂದೆ ಮಾತ್ರ 'ಬೋರು' ಎಂದಿದೆ. ಹೀಗೆ ಬಿಡಿಸಿ ನೋಡಿದರೆ ಹುಡುಗನದು ಸೋಮಾರಿತನವಲ್ಲವೆಂದು ತಾನಾಗಿಯೇ ತಿಳಿಯುತ್ತದೆ. ಬಹುಮಾನ ಕೊಡುವ ಶಾಲೆಗಳು, ಉಡುಗೊರೆ ಕೊಡುವ ಚಿಕ್ಕಪ್ಪ, ಸೋದರಮಾವಂದಿರು ಸ್ವಲ್ಪ ಯೋಚಿಸಬೇಕು. ಮಗುವನ್ನೇ ಪುಸ್ತಕದಂಗಡಿಗೆ ಕರೆದೊಯ್ದು ನಿಲ್ಲಿಸಿದರೆ ನಾಲ್ಕರಲ್ಲಿ ಮೂರಾದರೂ ಓದಿಸಿಕೊಳ್ಳುತ್ತಿದ್ದವು.

ಇನ್ನು ಕನ್ನಡದ ಮಾತು. ಉತ್ತರ ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂದಲ್ಲ. ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಸಬೇಕೆಂಬ ಕಾಯ್ದೆ 2015ರಲ್ಲೇ ಬಂದಿದೆ. ಅಕ್ಷರ ಬರುತ್ತದೆ, ಓಟ ಬರುವುದಿಲ್ಲ. ಇಂಗ್ಲಿಷಿನ ಪುಟವನ್ನು ಎರಡು ನಿಮಿಷದಲ್ಲಿ ದಾಟುವ ಹುಡುಗಿ ಕನ್ನಡದ ಪುಟಕ್ಕೆ ಐದಾರು ನಿಮಿಷ ತೆಗೆದುಕೊಳ್ಳುತ್ತಾಳೆ. ಒತ್ತಕ್ಷರದಲ್ಲಿ ಎಡವುತ್ತಾಳೆ. ಕಥೆಯ ಸ್ವಾರಸ್ಯ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಬೇಸರ, ಹಾಗಾಗಿ ಓದುವುದಿಲ್ಲ, ಓದದ್ದರಿಂದ ಓಟವೂ ಬರುವುದಿಲ್ಲ. ಈ ಸುತ್ತನ್ನು ಎಲ್ಲಾದರೂ ತುಂಡರಿಸಬೇಕು. ತುಂಡರಿಸುವುದಕ್ಕೆ ದಪ್ಪ ಪುಸ್ತಕ ಬೇಡ. ಅವರ ವಯಸ್ಸಿಗಿಂತ ಎರಡು ಮೆಟ್ಟಿಲು ಕೆಳಗಿನದನ್ನು ಕೊಟ್ಟರೂ ತಪ್ಪಿಲ್ಲ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಒಂಬತ್ತನೆಯ ತರಗತಿಯವರು ಗಟ್ಟಿಯಾಗಿ ಓದಿದರೆ ಯಾರೂ ನಗುವುದಿಲ್ಲ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯ ಕನ್ನಡಕ್ಕೆ ಬಂದು ಹೇಗೆ ನಮ್ಮದೇ ಆಯಿತೆಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ಒಂದು ವಿಚಿತ್ರ ಕಂಡಿತು. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನದ ಹನ್ನೆರಡು ಕಥೆಗಳೂ ಮೂಲದಲ್ಲಿ ಕನ್ನಡದವು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ಕಾಲೇಜಿನ ಮಕ್ಕಳು, ಅದರಲ್ಲೂ ಕನ್ನಡದ ಮನೆಯವರು, ಆ ಕಥೆಗಳನ್ನು ಇಂಗ್ಲಿಷಿನಲ್ಲಿ ಕೊಂಡು ಓದಿದರು. ಓದಿದ್ದು ಸಂತೋಷವೇ. ಆದರೆ ಹಾಸನದ ಲೇಖಕಿ ಕನ್ನಡದಲ್ಲಿ ಬರೆದದ್ದನ್ನು ಯಲಹಂಕದ ಕನ್ನಡತಿ ಲಂಡನ್ನಿನ ದಾರಿಯಾಗಿ ತರಿಸಿಕೊಳ್ಳುವುದೆಂದರೆ ಹಿತ್ತಲಿನ ಬಾವಿ ಬಿಟ್ಟು ಟ್ಯಾಂಕರಿಗೆ ಕಾದ ಹಾಗೆ. ಪಿಯುಸಿ, ಪದವಿಯ ವಿದ್ಯಾರ್ಥಿಗಳು ಬರುವ ವರ್ಷ ಆ ಕಥೆಗಳಲ್ಲಿ ಎರಡನ್ನಾದರೂ ಕನ್ನಡದಲ್ಲಿ ಓದಿ ನೋಡಲಿ. ಒಂದೇ ಮಾತು ಎರಡು ಭಾಷೆಯಲ್ಲಿ ಎಷ್ಟು ಬೇರೆಯಾಗಿ ಕೇಳುತ್ತದೆಂಬುದು ಆಗ ಗೊತ್ತಾಗುತ್ತದೆ. ಆರ್.ಟಿ. ನಗರದ ಉರ್ದು, ತಮಿಳು, ತೆಲುಗು ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಅಲ್ಲಿನ ನೋಟ್‌ಪುಸ್ತಕದಲ್ಲಿ ಭಾಷೆಯ ಕಾಲಮು ಎರಡಲ್ಲ, ಮೂರು ಆಗಲಿ.

ಅಂದಹಾಗೆ, ಆರ್.ಟಿ. ನಗರದಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನು ಆರ್ ಎಂದರೆ ಏನು, ಟಿ ಎಂದರೆ ಏನು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ರವೀಂದ್ರನಾಥ ಟ್ಯಾಗೋರರ ಹೆಸರು ಎರಡು ಅಕ್ಷರಗಳಾಗಿ ಬಸ್ಸಿನ ಬೋರ್ಡಿಗೆ ಸೇರಿಹೋಗಿದೆ. ಟ್ಯಾಗೋರರು 'ಶೇಷೇರ್ ಕವಿತಾ' ಕಾದಂಬರಿಯನ್ನು ಬರೆದು ಮುಗಿಸಿದ್ದು 1928ರಲ್ಲಿ, ಇದೇ ಬೆಂಗಳೂರಿನ ಬಾಲಬ್ರೂಯಿ ಅತಿಥಿಗೃಹದಲ್ಲಿ. ಅವರ 'ಕಾಬೂಲಿವಾಲಾ' ಕಥೆ ಓದಲು ಒಂದು ಸಂಜೆ ಸಾಕು. ಓದುವ ಯೋಜನೆಯನ್ನು ಹೀಗೆ ತಾನು ವಾಸಿಸುವ ಬಡಾವಣೆಯ ಹೆಸರಿನಿಂದಲೇ ಶುರು ಮಾಡಬಹುದು. ಯಶವಂತಪುರದಿಂದ ಮೆಟ್ರೋ ಹತ್ತಿದರೆ ಮುಂದಿನ ನಿಲ್ದಾಣ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ಸಾಗಿಸುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆದು ಸೋಪಿಗಿಳಿದ ಕಥೆ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದ್ದು. ದಿನಾ ಆ ನಿಲ್ದಾಣದ ಹೆಸರು ಕೇಳುವ ಹುಡುಗನಿಗೆ ಅವರ ಜೀವನಚರಿತ್ರೆ ಬರಿಯ ಕ್ವಿಜ್ ಪ್ರಶ್ನೆಯಾಗಿ ಉಳಿಯಬೇಕಾಗಿಲ್ಲ.

ಹೆಬ್ಬಾಳದವರಿಗಂತೂ ಇನ್ನೂ ದೊಡ್ಡ ಅದೃಷ್ಟ. ಅವರ ಊರಿನಲ್ಲಿ ಓದುವುದಕ್ಕೆ ಒಂದು ಕಲ್ಲೇ ಇದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಅದು. ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಕಿತ್ತಯ್ಯ ಎಂಬವನು ಶತ್ರುಸೈನ್ಯದೊಡನೆ ಹೋರಾಡಿ ಮಡಿದ ಸಂಗತಿ ಅದರಲ್ಲಿದೆ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಹಳೆಯದೆಂದು ಶಾಸನಾಸಕ್ತರು ಎಣಿಸಿದ್ದಾರೆ. ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ ಎಂದು ಪಾಠದಲ್ಲಿ ಓದುವ ಮಗು, ಅದಕ್ಕೂ ಏಳುನೂರು ವರ್ಷಕ್ಕೆ ಮೀರಿ ಹಿಂದೆ ತನ್ನ ಬಸ್ ನಿಲ್ದಾಣದ ಆಸುಪಾಸಿನಲ್ಲೇ ಕನ್ನಡ ಬರೆಯಬಲ್ಲ ಜನರಿದ್ದರೆಂದು ತಿಳಿದಾಗ ಒಂದು ಗಳಿಗೆ ಸುಮ್ಮನಾಗುತ್ತದೆ.

ಶಾಸನದಲ್ಲಿ ಊರಿನ ಸೀಮೆಯ ಹೆಸರು 'ಪೆರ್ಬೊಳಲ್‌ನಾಡು' ಎಂದಿದೆ. ಪೆರ್ಬೊಳಲ್ ಎಂದರೆ ದೊಡ್ಡ ಊರು. ಹಳಗನ್ನಡದ ಪಕಾರ ಮುಂದೆ ಹಕಾರವಾಯಿತು. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೆರ್ಬೊಳಲ್ ಸವೆದು ಸವೆದು ಹೆಬ್ಬಾಳವಾಗಿ ನಿಂತಿತು. ವ್ಯಾಕರಣದ ಪುಸ್ತಕದಲ್ಲಿ ಬಾಯಿಪಾಠ ಮಾಡಬೇಕಾದ ನಿಯಮವೊಂದು ಇಲ್ಲಿ ಫ್ಲೈಓವರಿನ ಬೋರ್ಡಿನ ಮೇಲೆ ದಿನಾ ಕಾಣಿಸುತ್ತಿದೆ! ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದೆ. ಇದಕ್ಕೂ ಹಿಂದೆ, 1905ರಲ್ಲಿ, ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದ್ದರು. ಆ ಸಂಪುಟವನ್ನು ತೆಗೆದು ಯಲಹಂಕ, ಜಕ್ಕೂರು, ಹೆಸರಘಟ್ಟ ಎಂದು ತಮ್ಮ ತಮ್ಮ ಊರಿನ ಹೆಸರು ಹುಡುಕುವುದು ಬೇಸಗೆ ರಜೆಯ ಒಂದು ವಾರಕ್ಕೆ ಸಾಕಾಗುವಷ್ಟು ಕೆಲಸ. ಇದನ್ನು ನೋಟ್‌ಪುಸ್ತಕದಲ್ಲಿ ಯಾವ ಕಾಲಮಿಗೆ ಹಾಕಬೇಕು ಎಂದು ಮಗು ಕೇಳಬಹುದು. ಓದಿದ್ದರ ಕಾಲಮಿಗೇ ಹಾಕಲಿ.

ದೊಡ್ಡಬಳ್ಳಾಪುರದ ಅಜ್ಜಿಯ ಊರಿನ ಕಡೆಗೆ ಹೋಗುವ ರಸ್ತೆಗೂ ಒಂದು ಪುಸ್ತಕ ಉಂಟು. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ, ರಾಜಾನುಕುಂಟೆ, ಯಲಹಂಕದ ಮೂಲಕ ಬೆಂಗಳೂರಿಗೆ ಈಗ ಬಸ್ಸಿನಲ್ಲಿ ಎರಡು ಮೂರು ತಾಸಿನ ದಾರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಬ್ಬ ಬಡ ಹುಡುಗ 1935ರಲ್ಲಿ ಹೈಸ್ಕೂಲು ಓದುವುದಕ್ಕೆಂದು ಬೆಂಗಳೂರಿಗೆ ಹೊರಟಾಗ ಅವನ ಬಳಿ ಪ್ರಯಾಣಕ್ಕೆ ದುಡ್ಡಿರಲಿಲ್ಲ. ಸುಮಾರು 80 ಕಿಲೊಮೀಟರನ್ನು ಎರಡು ದಿನ ನಡೆದೇ ಬಂದ. ನ್ಯಾಷನಲ್ ಹೈಸ್ಕೂಲು ಸೇರಿದ, 1942ರ ಚಳವಳಿಯಲ್ಲಿ ಜೈಲಿಗೆ ಹೋದ, ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ. ಅವರೇ ಎಚ್. ನರಸಿಂಹಯ್ಯನವರು. ಅವರ ಆತ್ಮಕಥೆಯ ಹೆಸರು 'ಹೋರಾಟದ ಹಾದಿ'. ಶಾಲಾ ವಾಹನ ಹತ್ತು ನಿಮಿಷ ತಡವಾಗಿದ್ದಕ್ಕೆ ಸಿಟ್ಟಾಗುವ ಮಕ್ಕಳಿಗೆ ಉಪದೇಶ ಮಾಡುವುದಕ್ಕೆಂದು ಈ ಪುಸ್ತಕ ಕೊಡಬಾರದು. ಹಾಗೆ ಕೊಟ್ಟರೆ ಅದೂ 'ಬೋರು' ಪಟ್ಟಿಗೆ ಸೇರುತ್ತದೆ. ಮೇಜಿನ ಮೇಲೆ ಸುಮ್ಮನೆ ಬಿದ್ದಿರಲಿ. ಅದರಲ್ಲಿನ ನೇರವಾದ, ಗಿಲೀಟಿಲ್ಲದ ಕನ್ನಡ ಓದುಗನನ್ನು ತಾನೇ ಒಳಗೆ ಕರೆದುಕೊಳ್ಳುತ್ತದೆ.

ಪುಸ್ತಕ ಪುಸ್ತಕಕ್ಕೆ ದಾರಿ ತೋರಿಸುತ್ತದೆ ಎಂಬುದು ಯೋಜನೆ ಹಾಕುವವರು ನೆನಪಿಡಬೇಕಾದ ಸಂಗತಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರ ಕಾದಂಬರಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಕಥೆ. ಅದನ್ನು ಓದಿದವರಿಗೆ ವಿಕಾಸವಾದ ಎಂದರೇನೆಂಬ ಕುತೂಹಲ ಹುಟ್ಟಿಯೇ ಹುಟ್ಟುತ್ತದೆ. ಅಲ್ಲಿಂದ ಡಾರ್ವಿನ್ನನಿಗೆ, ಅಲ್ಲಿಂದ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ'ದ ಸಂಪುಟಗಳಿಗೆ, ಅಲ್ಲಿಂದ ನವೆಂಬರ್‌ನ ಕೃಷಿಮೇಳದ ದಿನ ಜಿಕೆವಿಕೆಯ ಆವರಣಕ್ಕೆ ಹೋದೀತು ಆ ಕುತೂಹಲ. ಆದ್ದರಿಂದ ಹನ್ನೆರಡು ತಿಂಗಳಿಗೂ ಪುಸ್ತಕದ ಹೆಸರು ಮೊದಲೇ ತುಂಬಿಸಿಡುವವರು ದಾರಿಯ ಕವಲುಗಳನ್ನೆಲ್ಲ ಮುಚ್ಚಿದಂತೆಯೇ. ಪಟ್ಟಿಯಲ್ಲಿ ಖಾಲಿ ಜಾಗ ಇರಬೇಕು.

ಇಷ್ಟೆಲ್ಲ ಪುಸ್ತಕ ಕೊಳ್ಳುವುದು ಹೇಗೆ ಎಂಬುದು ತಾಯಂದಿರ ಪ್ರಶ್ನೆ. ಟ್ಯೂಷನ್ ಶುಲ್ಕ ಕಟ್ಟಿ ಉಳಿದದ್ದರಲ್ಲಿ ಪುಸ್ತಕಕ್ಕೆಂದು ದುಡ್ಡು ತೆಗೆದಿಡುವ ಮನೆಗಳು ಕಡಿಮೆ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕಗಳಿಗೆ ಬೆಲೆ ಕಡಿಮೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿಯೂ ಸಿಗುತ್ತದೆ. ಅದಿರಲಿ. ಸ್ವಂತ ಮನೆಯಿರುವ ಪ್ರತಿಯೊಬ್ಬರೂ ಪುಸ್ತಕಕ್ಕೆ ಪ್ರತಿ ವರ್ಷ ದುಡ್ಡು ಕಟ್ಟುತ್ತಲೇ ಇದ್ದಾರೆ. ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಆಸ್ತಿ ತೆರಿಗೆಯ ರಸೀತಿಯನ್ನು ತೆಗೆದು ನೋಡಬೇಕು. ತೆರಿಗೆಯ ಮೇಲೆ ವಿಧಿಸುವ ಕರಗಳಲ್ಲಿ ಗ್ರಂಥಾಲಯ ಕರವೂ ಸೇರಿದೆ. 1965ರ ಗ್ರಂಥಾಲಯ ಕಾಯ್ದೆಯ ಬಲದಿಂದ ವಸೂಲಾಗುವ ಇದು ಈಗ ರೂಪಾಯಿಗೆ 6 ಪೈಸೆ. 5,000 ರೂಪಾಯಿ ತೆರಿಗೆ ಕಟ್ಟುವ ಮನೆ 300 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತಿದೆ. ಆ ದುಡ್ಡು ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪದೆ ನೂರಾರು ಕೋಟಿ ಬಾಕಿ ನಿಂತ ಸುದ್ದಿ ಬಿಬಿಎಂಪಿ ಇದ್ದ ದಿನಗಳಲ್ಲಿ ಮತ್ತೆ ಮತ್ತೆ ಬಂದಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ನಗರಪಾಲಿಕೆಗಳಾಗಿ, ಈ ಭಾಗಕ್ಕೆ ಉತ್ತರ ನಗರಪಾಲಿಕೆ ಬಂದಿದೆ. ಹೊಸ ಪಾಲಿಕೆ ಹಳೆಯ ಚಾಳಿ ಬಿಡಲೆಂದು ಕೇಳುವ ಹಕ್ಕು ತೆರಿಗೆದಾರರಿಗಿದೆ. ಆದರೆ ಕೇಳುವವರು ಮೊದಲು ಗ್ರಂಥಾಲಯದ ಮೆಟ್ಟಿಲು ಹತ್ತಿದವರಾಗಿರಬೇಕು. ಕರ ಕಟ್ಟಿ, ಕಾರ್ಡು ಮಾಡಿಸದೆ, ಪಕ್ಕದ ರಸ್ತೆಯ ಶಾಖಾ ಗ್ರಂಥಾಲಯ ಎಲ್ಲಿದೆಯೆಂದೂ ತಿಳಿಯದೆ ಇರುವುದು ಮದುವೆಗೆ ಮುಯ್ಯಿ ಕೊಟ್ಟು ಊಟ ಮಾಡದೆ ಬಂದ ಹಾಗೆ.

ಹಳ್ಳಿಗಳ ಕಡೆ ಈ ವಿಷಯದಲ್ಲಿ ನಗರಕ್ಕಿಂತ ಮುಂದಿನ ಹೆಜ್ಜೆ ಇಟ್ಟಾಗಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಯಲಹಂಕದ ಆಚೆಗಿನ ಪಂಚಾಯಿತಿಗಳ ಮಕ್ಕಳು ಇದನ್ನು ಬಳಸಿಕೊಳ್ಳಬೇಕು.

ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟು ಲೋಕಪ್ರಸಿದ್ಧರಾದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಪುಸ್ತಕ ಇರುವುದು ಬಳಕೆಗೆ, ಬೀಗ ಹಾಕುವುದಕ್ಕಲ್ಲ ಎಂಬುದು ಅವರ ಮೊದಲ ಸೂತ್ರದ ಸಾರ. 1931ರಲ್ಲಿ ಅವರು ಅದನ್ನು ಬರೆದಾಗ ಮನಸ್ಸಿನಲ್ಲಿದ್ದದ್ದು ಗ್ರಂಥಾಲಯದ ಕಪಾಟುಗಳು. ಯಲಹಂಕದ ಬೀರುವಿಗೂ ಅದು ಅನ್ವಯಿಸುವುದರಲ್ಲಿ ತಪ್ಪೇನಿಲ್ಲ.

ಹಾಗಾದರೆ ಹತ್ತನೆಯ ತರಗತಿಗೆ ಹೋಗುವ ಆ ಹುಡುಗನ ಗತಿ? ದಿನಕ್ಕೆ 20 ನಿಮಿಷ ಎಂದಿಟ್ಟುಕೊಂಡರೆ ನಿಧಾನವಾಗಿ ಓದಿದರೂ 10 ಪುಟ ಸಾಗುತ್ತದೆ. ತಿಂಗಳಿಗೆ 300, ಹತ್ತು ತಿಂಗಳಿಗೆ 3,000 ಪುಟ. ಸಾಧಾರಣ ಗಾತ್ರದ ಹದಿನೈದು ಪುಸ್ತಕ! ಅಷ್ಟು ಬೇಡ ಎಂದು ತಂದೆ ಹೇಳಿದರೆ ಅರ್ಧಕ್ಕೆ ಒಪ್ಪಬಹುದು. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಶಾಲೆಯ ಬಸ್ಸು ನಿಂತೇ ಇರುವಾಗ ಈ 20 ನಿಮಿಷ ಅನಾಯಾಸವಾಗಿ ಸಿಗುತ್ತದೆ. (ಬಸ್ಸಿನಲ್ಲಿ ಓದಿದರೆ ಹೊಟ್ಟೆ ತೊಳಸುವವರು ಕಿಟಕಿಯಾಚೆ ನೋಡುವುದೇ ಕ್ಷೇಮ, ಅವರಿಗೆ ಮಲಗುವ ಮುಂಚಿನ ಹೊತ್ತಿದೆ.)

ಕೊನೆಗೆ ರಾಜಿ ಹೀಗಾದೀತು. ವರ್ಷಕ್ಕೆ ಎಂಟು ಪುಸ್ತಕ. ಶಾಲೆ ಶುರುವಾಗುವುದರೊಳಗೆ ಮೂರು; ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಂದರಂತೆ ಐದು; ನವೆಂಬರ್‌ನಿಂದ ಪರೀಕ್ಷೆಯವರೆಗೆ ಹೊಸ ಪುಸ್ತಕವಿಲ್ಲ, ಓದಿದ್ದನ್ನೇ ಬೇಕೆಂದಾಗ ತಿರುವಿಹಾಕಬಹುದು. ಎಂಟರಲ್ಲಿ ನಾಲ್ಕಾದರೂ ಕನ್ನಡ. ಎರಡು ಜಾಗ ಖಾಲಿ. ಇಷ್ಟಕ್ಕೂ ಒಂದು ಷರತ್ತು ಹುಡುಗನ ಕಡೆಯಿಂದ ಬರಬಹುದು:

"ಅಪ್ಪಾ, ನೀವು ಈ ವರ್ಷ ಎಷ್ಟು ಓದಿದ್ರಿ?"

ತಂದೆಯ ಬಳಿ ಉತ್ತರವಿಲ್ಲ. ಕಾಲೇಜಿನ ದಿನಗಳಲ್ಲಿ ವಾರಪತ್ರಿಕೆಯ ಧಾರಾವಾಹಿಗಾಗಿ ಅಂಗಡಿಯ ಮುಂದೆ ಕಾದವರು ಅವರು. ಭೈರಪ್ಪನವರ ಕಾದಂಬರಿಯನ್ನು ರಾತ್ರಿಯಿಡೀ ಕೂತು ಮುಗಿಸಿದ್ದೂ ಉಂಟು. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡ ದಿನ 'ಭಿತ್ತಿ'ಯನ್ನು ಮತ್ತೊಮ್ಮೆ ಓದಬೇಕು ಅಂದುಕೊಂಡರು. ಅಂದುಕೊಂಡದ್ದಷ್ಟೇ.

ಹುಡುಗ ನೋಟ್‌ಪುಸ್ತಕದ ಹೊಸ ಪುಟಕ್ಕೆ ಗೆರೆ ಹಾಕುತ್ತಾನೆ. ಈ ಸಲ ಒಂದು ಕಾಲಮು ಹೆಚ್ಚಾಗಿದೆ, 'ಅಪ್ಪ' ಎಂದು. ಅದರ ಮೊದಲ ಸಾಲಿನಲ್ಲಿ 'ಭಿತ್ತಿ' ಎಂದು ಬರೆದು, ಶುರು ಮಾಡಿದ ದಿನದ ಜಾಗವನ್ನು ಹಾಗೆಯೇ ಬಿಟ್ಟಿದ್ದಾನೆ. ತಂದೆ ಸ್ಟೂಲು ಹಾಕಿಕೊಂಡು ಬೀರುವಿನ ಮೇಲೆ ಆ ಪುಸ್ತಕ ಹುಡುಕುತ್ತಿದ್ದಾರೆ.